ಮಬ್ಬಿನ ಆಚೆ ಸಿಕ್ಕ ಗೋಪುರ

ಅಂಜನಾದ್ರಿ ಮೇಲೆ ನಿಂತು ಹೊಳೆ ಆಚೆಯ ಹಂಪಿ ವಿರೂಪಾಕ್ಷನ ಗೋಪುರ, ಅದರ ಹಿಂದೆ ಸಂಡೂರು ಗುಡ್ಡದ ಸಾಲು. ಈ ಒಂದು ಫೋಟೊಗೆ ನನಗೆ ಮೂರು ಚಳಿಗಾಲ ಹಿಡಿಯಿತು. ಭತ್ತದ ಕೊಯ್ಲು ಮುಗಿದ ಮೇಲೆ ಗಂಗಾವತಿ ಸುತ್ತ ಹುಲ್ಲು ಸುಡುತ್ತಾರೆ. ಚಳಿಗೆ ಹೊಗೆ ಮೇಲೇಳುವುದಿಲ್ಲ, ಗದ್ದೆ ಮೇಲೆಯೇ ಹಾಸಿಕೊಂಡು ಕೂರುತ್ತದೆ. ಗುಡ್ಡ ಇರಬೇಕಾದ ಕಡೆ ಬರೀ ಬಿಳುಪು.

‘ಡಿಹೇಜ್ ಎಳೆದರೆ ಆಯ್ತಲ್ಲಣ್ಣ, ಸುಮ್ನೆ ಯಾಕೆ ರೊಕ್ಕ ಹಾಳು ಮಾಡ್ಕೊಂತೀರಿ’ ಅಂದ ಸ್ಟುಡಿಯೋ ಹುಡುಗ. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಮಬ್ಬು ಕಳೆಯುವ ಆ ಡಿಹೇಜ್ ಸ್ಲೈಡರ್ ಎಳೆದು ನೋಡಿಯೇ ಇದ್ದೆ. ಫೋಟೊ ತುಂಬ ಕಾಳು ಕಾಳಾಗಿ ನಾಯ್ಸ್ ಎದ್ದಿತು, ಗುಡ್ಡ ಏಳಲಿಲ್ಲ. ಲೆನ್ಸ್ ಮುಂದೆ ಹಾಕುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಸ್ವಲ್ಪ ಕೈ ಹಿಡಿಯಿತು, ಅದೂ ಸೂರ್ಯ ಪಕ್ಕಕ್ಕಿದ್ದಾಗ.

ಆಮೇಲೆ ಇನ್‌ಫ್ರಾರೆಡ್‌ಗೆ, ಅಂದರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕಿಗೆ, ಕೈ ಹಾಕಿದೆ. ಹೆಚ್ಚಾಗಿ ಆ ಬೆಳಕನ್ನೇ ಒಳಬಿಡುವ 720 ನ್ಯಾನೋಮೀಟರ್ ಫಿಲ್ಟರ್‌ಗೆ ಎರಡೂವರೆ ಸಾವಿರದ ಹತ್ತಿರ ಹೋಯಿತು. ಮಾಮೂಲಿ ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಅರ್ಧ ನಿಮಿಷ. ಬೆಟ್ಟದ ಗಾಳಿಗೆ ಟ್ರೈಪಾಡ್ ನಿಲ್ಲಬೇಕಲ್ಲ! ಕೊನೆಗೆ ಹಳೇ ಕ್ಯಾಮೆರಾ ಒಂದನ್ನು ಬಿಚ್ಚಿಸಿ, ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ತೆಗೆಸಿ, ಅಲ್ಲಿಗೇ ಇಂಥದೇ ಫಿಲ್ಟರ್ ಕೂರಿಸಿದೆ. ಮೊದಲು ಬಿಚ್ಚಿಸಿದ ಕ್ಯಾಮೆರಾದ ಸೆನ್ಸರ್ ಮೇಲೆ ಗೀರು ಬಿತ್ತು, ಹನ್ನೊಂದು ಸಾವಿರ ನೀರಿಗೆ ಹೋಯಿತು. ಎರಡನೆಯದು ಕೆಲಸ ಮಾಡಿತು. ಈಗ 1/125 ಸೆಕೆಂಡಿನಲ್ಲಿ ಕೈಯಲ್ಲೇ ಹಿಡಿದು ಹೊಡೆಯುತ್ತೇನೆ. ಲೆನ್ಸ್ ನೋಡಿ ಆರಿಸಿ, ಕೆಲವದರಲ್ಲಿ ನಡುವೆ ಬಿಳಿ ಚುಕ್ಕೆ ಬರುತ್ತದೆ. ಫೋಕಸ್ ಕ್ಯಾಮೆರಾ ಪರದೆ ನೋಡಿಕೊಂಡು, ಲೈವ್ ವ್ಯೂನಲ್ಲೇ ಮಾಡಬೇಕು.

ಇನ್‌ಫ್ರಾರೆಡ್ ಹೊಗೆ ದಾಟುವುದು ಹೇಗೆ ಅಂತ ನೋಡಲು ಒಂದು ರಾತ್ರಿ ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಬಿಟ್ಟು ಟಾರ್ಚ್ ಹಾಯಿಸಿದೆ. ಪಕ್ಕದಿಂದ ತೆಳು ನೀಲಿ. ಲೋಟದ ಆಚೆಯಿಂದ ನೋಡಿದರೆ ಅದೇ ಬೆಳಕು ಕಿತ್ತಳೆ. ನೀಲಿ ದಾರಿಯಲ್ಲೇ ಚದುರಿತು, ಕೆಂಪು ನೆಟ್ಟಗೆ ಬಂತು. ಇನ್‌ಫ್ರಾರೆಡ್ ಕೆಂಪಿಗಿಂತಲೂ ಉದ್ದದ ಅಲೆ, ಹೊಗೆಯ ಸಣ್ಣ ಕಣಗಳನ್ನು ಇನ್ನೂ ಸಲೀಸಾಗಿ ದಾಟುತ್ತದೆ. ಇನ್ನೊಂದು ಚಮಚ ಹಾಲು ಸುರಿದೆ, ಎಲ್ಲಾ ಬಿಳಿಯಾಯಿತು. ದಟ್ಟ ಮಂಜಿನಲ್ಲೂ ಹೀಗೇ. ಹನಿ ದಪ್ಪ, ಯಾವ ಬಣ್ಣವನ್ನೂ ಬಿಡುವುದಿಲ್ಲ. ಅಂಥ ದಿನ ಬೆಟ್ಟ ಹತ್ತಲೇಬೇಡಿ. ಸಂಡೂರು ರಸ್ತೆಯ ಅದಿರು ಲಾರಿ ಧೂಳಿನಲ್ಲೂ ಸೋತಿದ್ದೇನೆ.

ಟೈಮಿಂಗ್ ಮುಖ್ಯ. ಚಳಿಗಾಲದ ಮಧ್ಯಾಹ್ನ ಸೂರ್ಯ ಎದುರಿಗೇ ಬರುತ್ತಾನೆ, ಮಬ್ಬು ಬೆಳ್ಳಗೆ ಹೊಳೆಯುತ್ತದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಎಡಕ್ಕಿರುತ್ತಾನೆ, ನನಗೆ ಸಿಕ್ಕಿದ್ದು ಆಗಲೇ. ಗೋಪುರದ ಒಂಬತ್ತು ಅಂತಸ್ತೂ ಎಣಿಸಬಹುದು. ಹಿಂದಿನ ಗುಡ್ಡಗಳು ಮಡಿಕೆ ಮಡಿಕೆಯಾಗಿ ನಿಂತಿವೆ, ಇನ್‌ಫ್ರಾರೆಡ್‌ನಲ್ಲಿ ಬಾಳೆ ತೋಟ ಹಿಮದಂತೆ ಬೆಳ್ಳಗಿದೆ. ಫೋಟೊದ ಕೆಂಪು, ಹಸಿರು, ನೀಲಿ ಚಾನೆಲ್ ಹೇಗೆ ಬೆರೆಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಾಲ್ಕಡಿ ಪ್ರಿಂಟ್ ಇಲ್ಲಿಯವರೆಗೆ ಆರೇಳು ಮಾರಿದ್ದೇನೆ. ಸ್ಟುಡಿಯೋ ಹುಡುಗ ಈಗ ತನ್ನ ಹಳೇ ಕ್ಯಾಮೆರಾ ಬಿಚ್ಚಿಸಲು ರೊಕ್ಕ ಕೂಡಿಡುತ್ತಿದ್ದಾನೆ.