ಟೋಕಿಯೋ ಎಕ್ಸ್‌ಟ್ರೀಮ್ ರೇಸರ್ 3ನ ಈಗ ಆಡೋದು ಹೇಗೆ: ಡಿಸ್ಕ್ ಹುಡುಕೋದ್ರಿಂದ ಹಿಡಿದು ಆ ಹತ್ತು ಕೋಟಿ ಬಗ್‌ವರೆಗೂ

ಪ್ಲೇಸ್ಟೇಷನ್ 2 (ಪಿಎಸ್2) ಕಾಲದಲ್ಲಿ ಕಾರ್ ಮಾಡಿಫೈ ಮಾಡೋ ಗೇಮ್ ಅಂದ್ರೆ ಎಲ್ರ ಬಾಯಲ್ಲೂ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ ಹೆಸ್ರೇ ಬರೋದು, ಸೈಬರ್ ಸೆಂಟರ್‌ಗಳಲ್ಲೆಲ್ಲ ಅದೇ ಓಡ್ತಿತ್ತು. ಅದು ಬಂದ 2003ರಲ್ಲೇ ಜಪಾನಿನ ಗೆಂಕಿ ಕಂಪ್ನಿಯವ್ರು ಟೋಕಿಯೋ ಎಕ್ಸ್‌ಟ್ರೀಮ್ ರೇಸರ್ 3 ಅಂತ ಒಂದು ಗೇಮ್ ತಂದ್ರು, ಅದ್ರ ಬಗ್ಗೆ ಕೇಳಿರೋರೇ ಕಮ್ಮಿ. ಜಪಾನ್ ಮತ್ತೆ ಅಮೆರಿಕದಲ್ಲಿ ಮಾತ್ರ ರಿಲೀಸ್ ಆಯ್ತು, ನಮ್ಮಲ್ಲಿ ಸೋನಿ ಮಾರ್ತಿದ್ದ ಪಿಎಸ್2 ಪಾಲ್ ರೀಜನ್‌ದು, ಅಂದ್ರೆ ಯುರೋಪ್ ಕಡೆಯ ಡಿಸ್ಕ್ ಓದೋದು, ಹಾಗಾಗಿ ಇಲ್ಲಿ ಅಂಗ್ಡೀಲಿ ಈ ಡಿಸ್ಕ್ ಸಿಗೋದು ಕಷ್ಟ ಇತ್ತು. 2025ರಲ್ಲಿ ಗೆಂಕಿಯವ್ರು ಇದೇ ಸೀರೀಸಿನ ಹೊಸ ಗೇಮ್‌ನ ಸ್ಟೀಮಲ್ಲಿ ಬಿಟ್ಟ ಮೇಲೆ ಹಳೇದ್ರ ಬಗ್ಗೆ ಸುಮಾರು ಜನ ಕೇಳ್ತಿದ್ದಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದ್ಲು ಗೇಮ್ ಸಿಗೋ ವಿಷ್ಯ. ಅಮೆರಿಕನ್ ಡಿಸ್ಕ್‌ನ ಕ್ರೇವ್ ಅನ್ನೋ ಕಂಪ್ನಿ ಹಾಕಿತ್ತು, ಸೆಕೆಂಡ್ ಹ್ಯಾಂಡಲ್ಲಿ ಹುಡುಕ್ಬೇಕು. ಜಪಾನೀಸ್ ಡಿಸ್ಕ್ ಬೇಕಂದ್ರೆ ಅದ್ರ ಹೆಸ್ರು ಶುಟೊಕೋ ಬ್ಯಾಟಲ್ 01, ಆ ಹೆಸ್ರಲ್ಲೇ ಹುಡುಕಿ, ಇಲ್ಲಾಂದ್ರೆ ಸಿಗಲ್ಲ. ನಿಮ್ಮ ಹತ್ರ ಇಲ್ಲಿನ ಪಾಲ್ ಕನ್ಸೋಲ್ ಇದ್ರೆ ಈ ಎರಡೂ ಡಿಸ್ಕ್ ನೇರವಾಗಿ ಓಡಲ್ಲ, ಮಾಡ್, ಅಂದ್ರೆ ರೀಜನ್ ಲಾಕ್ ತೆಗೆಯೋ ಮಾರ್ಪಾಡು, ಮಾಡ್ಸಿರ್ಬೇಕು. ಹಳೇ ಹಳದಿ-ಕೆಂಪು-ಬಿಳಿ ಕೇಬಲ್ಲಲ್ಲಿ ಈಗಿನ ಎಲ್‌ಇಡಿ ಟಿವಿಗೆ ಹಾಕಿದ್ರೆ ಪಿಕ್ಚರ್ ಮಬ್ಬಾಗಿ ಕಾಣತ್ತೆ, ರಾತ್ರಿ ರೋಡಲ್ಲಿ ದೂರದ ಟೈಲ್‌ಲೈಟ್ ನೋಡಿ ಆಡೋ ಗೇಮಿದು, ಅದಕ್ಕೆ ಕಾಂಪೊನೆಂಟ್ ಕೇಬಲ್ ತಗೊಳ್ಳಿ, ದುಡ್ಡು ವೇಸ್ಟಾಗಲ್ಲ.

ಪಿಸಿ ಇದ್ರೆ ಪಿಎಸ್2 ಗೇಮ್‌ಗಳನ್ನ ಅದ್ರಲ್ಲೇ ಓಡ್ಸೋ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ ಸುಲಭ, ಫ್ರೀ ಕೂಡ. 2024ರಲ್ಲಿ ಅದ್ರ 2.0 ವರ್ಶನ್ ಬಂತು, ಹಳೇ 1.6 ಇನ್ನೂ ಇಟ್ಕೊಂಡಿದ್ರೆ ತೆಗೆದು ಹೊಸದು ಹಾಕಿ. ನಿಮ್ಮದೇ ಪಿಎಸ್2ಯಿಂದ ತೆಗೆದ ಬಯೋಸ್ (ಕನ್ಸೋಲ್ ಒಳಗಿನ ಮೂಲ ಸಾಫ್ಟ್‌ವೇರ್) ಬೇಕು, ಡಿಸ್ಕ್‌ನ ಪಿಸಿಯ ಡಿವಿಡಿ ಡ್ರೈವಲ್ಲಿ ಹಾಕಿ ಐಎಸ್‌ಒ, ಅಂದ್ರೆ ಇಡೀ ಡಿಸ್ಕಿನ ಕಾಪಿ ಫೈಲ್, ಮಾಡ್ಕೊಬೇಕು. ಗ್ರಾಫಿಕ್ಸ್ ಸೆಟ್ಟಿಂಗಲ್ಲಿ ಇಂಟರ್ನಲ್ ರೆಸಲ್ಯೂಶನ್ 3ಎಕ್ಸ್ ಇಟ್ರೆ ಸುಮಾರು 1080ಪಿ ಆಗತ್ತೆ, ಸಾಕು. ಒಂದು ವಿಷ್ಯ ಮಾತ್ರ ಮರೀಬೇಡಿ, ಎಮ್ಯುಲೇಟರ್ ಆಟನ ಆ ಕ್ಷಣಕ್ಕೇ ಹಿಡಿದಿಡೋ ಸೇವ್ ಸ್ಟೇಟ್‌ನಷ್ಟೇ ನಂಬ್ಕೊಂಡು ಆಡ್ಬೇಡಿ, ಎಮ್ಯುಲೇಟರ್ ಅಪ್‌ಡೇಟ್ ಆದ್ಮೇಲೆ ಹಳೇ ಸ್ಟೇಟ್ ಓಪನ್ ಆಗದೇ ಹೋಗ್ಬಹುದು. ಗೇಮ್ ಒಳಗಡೆ ಮೆಮೊರಿ ಕಾರ್ಡಿಗೇ ಸೇವ್ ಮಾಡಿ, ಮೆಮ್‌ಕಾರ್ಡ್ಸ್ ಫೋಲ್ಡರಲ್ಲಿರೋ ಫೈಲ್‌ನ ಆಗಾಗ ಬೇರೆ ಕಡೆ ಕಾಪಿ ಮಾಡಿಡಿ. ದೊಡ್ಡ ಗೇಮ್ ಇದು, ನೂರಾರು ರೈವಲ್ಸ್ ಇದಾರೆ, ಅರ್ಧಕ್ಕೆ ಬಂದು ಸೇವ್ ಹೋದ್ರೆ ಮತ್ತೆ ಶುರು ಮಾಡೋ ಮನಸ್ಸೇ ಬರಲ್ಲ.

ಈಗ ಆಟಕ್ಕೆ ಬರೋಣ, ಅಂಡರ್‌ಗ್ರೌಂಡ್ ಆಡಿ ಅಭ್ಯಾಸ ಆಗಿರೋರು ಸುಮಾರು ಜನ ಇಲ್ಲೇ ಗೇಮ್ ಬಿಟ್ಟುಬಿಡ್ತಾರೆ. ಇದ್ರಲ್ಲಿ ಲ್ಯಾಪ್ ಇಲ್ಲ, ಫಿನಿಶ್ ಲೈನ್ ಇಲ್ಲ. ಟೋಕಿಯೋದ ಶುಟೊ ಎಕ್ಸ್‌ಪ್ರೆಸ್‌ವೇಲಿ ರಾತ್ರಿ ಹೊತ್ತು ಓಡಾಡ್ತಾ ಇರ್ತೀರ, ಮುಂದೆ ರೈವಲ್ ಕಾರ್ ಕಂಡ್ರೆ ಹಿಂದಿಂದ ಹೋಗಿ ಹೆಡ್‌ಲೈಟ್ ಫ್ಲಾಶ್ ಮಾಡ್ಬೇಕು, ನಮ್ಮ ಹೈವೇಲಿ ಸೈಡ್ ಕೇಳೋಕೆ ಡಿಪ್ಪರ್ ಹೊಡೀತೀವಲ್ಲ ಹಾಗೆ, ಅಲ್ಲಿಂದ ರೇಸ್ ಶುರು. ಇಬ್ರಿಗೂ ಮೇಲೆ ಒಂದೊಂದು ಎಸ್‌ಪಿ ಬಾರ್ ಇರತ್ತೆ, ಸ್ಪಿರಿಟ್ ಪಾಯಿಂಟ್ ಅಂತ. ಹಿಂದೆ ಬಿದ್ದೋರ ಬಾರ್ ಇಳೀತಾ ಹೋಗತ್ತೆ, ಎಷ್ಟು ದೂರ ಹಿಂದೆ ಬೀಳ್ತಾರೋ ಅಷ್ಟು ಬೇಗ ಇಳಿಯತ್ತೆ, ಗೋಡೆಗೋ ಬೇರೆ ಗಾಡಿಗೋ ಗುದ್ದಿದ್ರೂ ಇಳಿಯತ್ತೆ. ಯಾರ ಬಾರ್ ಮೊದ್ಲು ಖಾಲಿ ಆಗತ್ತೋ ಅವ್ರು ಸೋತಂಗೆ.

ಇದ್ರ ಅರ್ಥ ಏನಂದ್ರೆ ಫಾಸ್ಟ್ ಇರೋ ಕಾರೇ ಗೆಲ್ಲತ್ತೆ ಅಂತೇನಿಲ್ಲ. ಟೋಕಿಯೋ ನಡುವಿನ ಸುತ್ತು ರಸ್ತೆ ಸಿ1 ಲೂಪ್ ತಗೊಳ್ಳಿ, ನಿಜವಾದ ರಸ್ತೆಯೇ 15 ಕಿಲೋಮೀಟರ್ ಹತ್ರ ಇದೆ, ಎರಡೇ ಲೇನ್, ಕಟ್ಟಡಗಳ ಮಧ್ಯೆ ತಿರುವಿನ ಮೇಲೆ ತಿರುವು. ರೈವಲ್ ನಿಮಗಿಂತ ಪವರ್‌ಫುಲ್ ಕಾರ್ ಇಟ್ಕೊಂಡು ಮುಂದೆ ಹೋಗ್ತಿದಾನೆ ಅನ್ಕೊಳ್ಳಿ, ನಿಮ್ಮ ಬಾರ್ ನಿಧಾನಕ್ಕೆ ಇಳೀತಿದೆ, ಗಾಬರಿ ಆಗ್ಬೇಡಿ, ಅಂಟ್ಕೊಂಡೇ ಇರಿ. ಮುಂದಿನ ಬೆಂಡಲ್ಲಿ ಎಡಗಡೆ ಲೇನಲ್ಲಿ ಲಾರಿ ಸಿಗತ್ತೆ, ಅವ್ನು ಬ್ರೇಕ್ ಒತ್ತಲೇಬೇಕು, ಆಗ ನೀವು ಒಳಗಡೆಯಿಂದ ಸ್ವಚ್ಛವಾಗಿ ನುಗ್ಗಿದ್ರೆ ಎರಡು ಕಾರ್‌ನಷ್ಟು ಗ್ಯಾಪ್ ಸಿಗತ್ತೆ, ಆಮೇಲೆ ಮುಂದಿನ ನಾಲ್ಕು ತಿರುವು ಗೋಡೆಗೆ ತಾಕಿಸದೇ ಹೋದ್ರೆ ಸಾಕು, ಅವ್ನ ಬಾರ್ ತಾನೇ ಕರಗತ್ತೆ. ಇದೇ ಕಾರಿಗೆ ಸಮುದ್ರದ ಪಕ್ಕದ ವಾಂಗನ್ ಲೈನಲ್ಲಿ ಚಾಲೆಂಜ್ ಮಾಡಿದ್ರೆ ಅಲ್ಲಿ ಬರೀ ಉದ್ದುದ್ದ ನೇರ ರೋಡು, ಪವರ್ ಇಲ್ದೇ ಏನೂ ನಡೆಯಲ್ಲ. ಹಾಗಾಗಿ ಯಾರಿಗೆ ಎಲ್ಲಿ ಫ್ಲಾಶ್ ಹೊಡೀಬೇಕು ಅನ್ನೋದೇ ಅರ್ಧ ಗೆಲುವು, ಸಣ್ಣ ಕಾರಲ್ಲಿ ಇರೋವಾಗ ತಿರುವು ಶುರು ಆಗೋ ಜಾಗಕ್ಕೆ ಬರೋವರೆಗೂ ಹಿಂದೆನೇ ಇದ್ದು ಆಮೇಲೆ ಹೊಡೀರಿ.

ಕಾರ್ ತಗೊಳ್ಳೋವಾಗ ಹೇಳ್ಬೇಕಾದ ಮಾತು, ಹೋಂಡಾ ಹುಡುಕ್ಬೇಡಿ, ಇಲ್ಲ. ಇದಕ್ಕಿಂತ ಮುಂಚೆ 2001ರಲ್ಲಿ ಬಂದ ಇದೇ ಸೀರೀಸಿನ ಝೀರೋ ಅನ್ನೋ ಗೇಮಲ್ಲಿ ಲೈಸೆನ್ಸ್ ಇಲ್ದೇ ಕಾರ್‌ಗಳಿಗೆ ಬರೀ ಕೋಡ್ ಹೆಸ್ರು ಇತ್ತು, ಮೂರರಲ್ಲಿ ನಿಸ್ಸಾನ್, ಟೊಯೋಟಾ, ಮಜ್ದಾ, ಮಿತ್ಸುಬಿಷಿ, ಸುಬಾರು ಎಲ್ಲ ನಿಜವಾದ ಹೆಸ್ರಲ್ಲೇ ಬಂದ್ವು. ಶುರುವಿಗೆ ನಂಗೆ ಇಷ್ಟ ಆಗೋದು ನಿಸ್ಸಾನ್ ಸಿಲ್ವಿಯಾ ಎಸ್13. ಹಗುರ, ರಿಯರ್ ವೀಲ್ ಡ್ರೈವ್, ಎಷ್ಟು ತಿದ್ದಿದ್ರೂ ತಿದ್ದಿಸ್ಕೊಳತ್ತೆ, ನೋಡೋಕೂ ಚೆಂದ.

ಟ್ಯೂನಿಂಗಲ್ಲಿ ದುಡ್ಡು, ಅಂದ್ರೆ ಗೇಮಲ್ಲಿ ಸಿಪಿ ಅಂತಾರೆ, ಅದನ್ನ ಮೊದ್ಲೇ ಇಂಜಿನ್‌ಗೆ ಸುರೀಬೇಡಿ. ಮೊದ್ಲು ಬ್ರೇಕು, ಟೈರು, ಸಸ್ಪೆನ್ಶನ್, ಆಮೇಲೆ ತೂಕ ಇಳಿಸೋದು, ಕೊನೆಗೆ ಇಂಜಿನ್. ಕಾರಣ ಮೇಲೆ ಹೇಳಿದ್ದೇ, ಗೋಡೆಗೆ ಒಂದ್ಸಲ ಗುದ್ದಿದ್ರೆ ಹೋಗೋ ಎಸ್‌ಪಿನ ಹೊಸ ಟರ್ಬೋ ವಾಪಸ್ ತಂದುಕೊಡಲ್ಲ. ಮೇಲಿನ ಲೆವೆಲ್ ಪಾರ್ಟ್ಸ್ ಬಾಸ್‌ಗಳನ್ನ ಸೋಲಿಸ್ತಾ ಹೋದಂಗೆ ಓಪನ್ ಆಗತ್ತೆ, ಅಂಗ್ಡೀಲಿ ಕಾಣ್ತಿಲ್ಲ ಅಂದ್ರೆ ಯಾವ್ದೋ ರೈವಲ್ ಟೀಮಿನ ಲೀಡರ್ ಬಾಕಿ ಇದಾನೆ ಅಂತ. ಗೇರ್ ರೇಶಿಯೋ ಸೆಟ್ಟಿಂಗ್‌ಗೆ ಟೈಮ್ ಕೊಡಿ ದಯವಿಟ್ಟು. ಸಿ1ಗೆ ಫೈನಲ್ ಗೇರ್‌ನ ಶಾರ್ಟ್ ಮಾಡಿ (ರೇಶಿಯೋ ನಂಬರ್ ಜಾಸ್ತಿ ಮಾಡಿ), ತಿರುವಿಂದ ಹೊರಗೆ ಬರೋವಾಗ ಕಾರ್ ಎಳೆಯೋ ರೀತಿಯೇ ಬದಲಾಗತ್ತೆ, ಟಾಪ್ ಸ್ಪೀಡ್ ಕಮ್ಮಿ ಆಗತ್ತೆ ಆದ್ರೆ ಅಲ್ಲಿ ಆ ಸ್ಪೀಡ್ ಮುಟ್ಟೋಕೆ ಜಾಗನೇ ಇಲ್ಲ. ವಾಂಗನ್‌ಗೆ ಹೋಗೋವಾಗ ವಾಪಸ್ ಲಾಂಗ್ ಮಾಡಿ. ಟಾಪ್ ಗೇರಲ್ಲಿ ಆರ್‌ಪಿಎಂ ರೆಡ್ ಲೈನ್‌ಗೆ ತಾಕಿ ನಿಂತ್ಬಿಟ್ರೆ ಇನ್ನೂ ಉದ್ದ ಬೇಕು ಅಂತ, ಮುಳ್ಳು ಮೇಲೆ ಏರೋಕೇ ಒದ್ದಾಡ್ತಿದ್ರೆ ಜಾಸ್ತಿ ಉದ್ದ ಆಗಿದೆ ಅಂತ.

ಬಾಡಿ ಕಿಟ್, ಬಾನೆಟ್, ರಿಮ್, ವಿಂಗ್, ಪೇಂಟ್, ಸ್ಟಿಕ್ಕರ್ ಎಲ್ಲಾ ಇದೆ. ಅಂಡರ್‌ಗ್ರೌಂಡ್ ಥರ ಇದ್ರಲ್ಲಿ ನಿಯಾನ್ ಲೈಟ್‌ದೇ ದರ್ಬಾರ್ ಇಲ್ಲ, ನಿಜವಾಗಿ ಜಪಾನಿನ ಹುಡುಗ್ರು ಆಗ ಹೇಗೆ ಗಾಡಿ ರೆಡಿ ಮಾಡ್ತಿದ್ರೋ ಆ ರುಚಿ ಇದೆ.

ರೈವಲ್‌ಗಳ ಪ್ರೊಫೈಲ್ ಓದ್ದೇ ಸ್ಕಿಪ್ ಮಾಡ್ಬೇಡಿ, ಈ ಗೇಮಿನ ಜೀವನೇ ಅದು. ಪ್ರತಿಯೊಬ್ಬನಿಗೂ ಒಂದು ಅಡ್ಡ ಹೆಸ್ರು, ಒಂದು ಕಥೆ. ಟೀಮ್ ಮೆಂಬರ್‌ಗಳನ್ನ ಸೋಲಿಸಿದ್ರೆ ಲೀಡರ್ ಬರ್ತಾನೆ, ಅದು ಸಲೀಸು. ವಾಂಡರರ್ಸ್ ಅಂತ ಯಾವ ಟೀಮಿಗೂ ಸೇರದೇ ಇರೋರು ಇದಾರಲ್ಲ, ಅವ್ರು ಸುಮ್ನೆ ಒಪ್ಪಲ್ಲ, ಒಬ್ಬೊಬ್ರದ್ದೂ ಒಂದೊಂದು ಷರತ್ತು, ಇಂಥ ಕಾರಲ್ಲಿ ಬಂದ್ರೆ ಮಾತ್ರ, ಇಂಥ ದಿನ ಮಾತ್ರ ಅಂತ. ಅದಕ್ಕೆ ಹಳೇ ಕಾರ್‌ನೆಲ್ಲ ಮಾರಿ ಒಂದೇ ಕಾರಿಗೆ ಹಾಕೋ ಬದಲು ಗ್ಯಾರೇಜಲ್ಲಿ ಒಂದು ಸಣ್ಣ ಕಾರ್, ಒಂದು ಫೋರ್ ವೀಲ್ ಡ್ರೈವ್ ಇಟ್ಕೊಂಡಿರಿ. ಮುಂದೆ ನಗೋಯ, ಒಸಾಕಾ ಎರಡೂ ಓಪನ್ ಆಗತ್ತೆ, ಅಲ್ಲಿಯ ರೋಡ್ ಹೊಸದಾಗಿ ಕಲೀಬೇಕು, ಮೊದಲ ದಿನ ಚಾಲೆಂಜ್ ಮಾಡ್ದೇ ಸುಮ್ನೆ ಸುತ್ತಾಡಿ ಬನ್ನಿ.

ಕೊನೇದು, ಅಮೆರಿಕನ್ ಡಿಸ್ಕಲ್ಲಿ ಆಡೋರು ಇದನ್ನ ಶುರು ಮಾಡೋ ಮುಂಚೆನೇ ತಿಳ್ಕೊಂಡಿರ್ಬೇಕು. ವರ್ಲ್‌ವಿಂಡ್ ಫ್ಯಾನ್‌ಫೇರ್ ಅಂತ ಒಬ್ಬ ವಾಂಡರರ್ ಇದಾನೆ, ನಿಮ್ಮ ಹತ್ರ 10 ಕೋಟಿ ಸಿಪಿ ಇದ್ರೆ ಮಾತ್ರ ರೇಸಿಗೆ ಬರ್ತಾನೆ. ಅಮೆರಿಕಕ್ಕೆ ತರೋವಾಗ ಗೇಮಿನ ದುಡ್ಡನ್ನೆಲ್ಲ ನೂರರಿಂದ ಭಾಗಿಸಿದ್ರು, ಇವ್ನ ಷರತ್ತನ್ನ ಮಾತ್ರ ಭಾಗಿಸೋಕೆ ಮರೆತ್ರು, ಲೆಕ್ಕ ಸರಿ ಇದ್ದಿದ್ರೆ 10 ಲಕ್ಷ ಸಾಕಿತ್ತು. ಗೇಮಲ್ಲಿ ನೀವು ಇಟ್ಕೊಳೋಕೆ ಆಗೋದೇ ಜಾಸ್ತಿ ಅಂದ್ರೆ 9,99,99,990. ಬರೀ 10 ಸಿಪಿ ಕಮ್ಮಿ! ವರ್ಷಗಟ್ಲೆ ಆಡಿದ್ರೂ ಅವ್ನು ಬರಲ್ಲ, ರೈವಲ್ ಲಿಸ್ಟ್ ತುಂಬಲ್ಲ. ಅದಕ್ಕೆ ದುಡ್ಡಿಗೋಸ್ಕರ ಒಂದೇ ರೇಸ್ ಮತ್ತೆ ಮತ್ತೆ ಆಡ್ತಾ ಕೂರ್ಬೇಡಿ, ಇಲ್ಲಿ ಚೀಟ್ ಕೋಡ್ ಹಾಕೋದ್ರಲ್ಲಿ ಏನೂ ತಪ್ಪಿಲ್ಲ, ಬೇರೆ ದಾರಿನೇ ಇಲ್ಲ. ಕನ್ಸೋಲಲ್ಲಾದ್ರೆ ಚೀಟ್ ಡಿಸ್ಕ್ ಬೇಕು. ಪಿಸಿಎಸ್‌ಎಕ್ಸ್2ಲಿ ಆದ್ರೆ ಸಿಪಿ ಕೋಡ್ ಇರೋ ಪಿನ್ಯಾಚ್ (.pnach) ಅನ್ನೋ ಚೀಟ್ ಫೈಲ್ ಚೀಟ್ಸ್ ಫೋಲ್ಡರಿಗೆ ಹಾಕಿ, ಫೈಲ್ ಹೆಸರಲ್ಲಿರೋ ಸೀರಿಯಲ್ಲು, ಸಿಆರ್‌ಸಿ ನಂಬರ್ರು (ಗೇಮ್ ಯಾವ್ದು ಅಂತ ಗುರುತಿಸೋ ಕೋಡ್‌ಗಳು) ನಿಮ್ಮ ಡಿಸ್ಕಿಂದಕ್ಕೆ ಮ್ಯಾಚ್ ಆಗ್ತಿದ್ಯಾ ನೋಡಿ, ಗೇಮ್ ಪ್ರಾಪರ್ಟೀಸಲ್ಲಿ ಚೀಟ್ ಆನ್ ಮಾಡಿ. ಅದಕ್ಕೂ ಮುಂಚೆ ಮೆಮೊರಿ ಕಾರ್ಡ್ ಫೈಲ್ ಒಂದು ಕಾಪಿ ತೆಗೆದಿಡಿ. ಅವ್ನನ್ನ ಸೋಲಿಸಿ ಸೇವ್ ಮಾಡಿದ ತಕ್ಷಣ ಚೀಟ್ ಆಫ್ ಮಾಡಿ, ಉಳಿದ ರೈವಲ್‌ಗಳನ್ನ ನಿಮ್ಮ ದುಡ್ಡಲ್ಲೇ ಆಡಿ. ಜಪಾನೀಸ್ ಶುಟೊಕೋ ಬ್ಯಾಟಲ್ 01ಲಿ ಈ ತೊಂದ್ರೆ ಇಲ್ಲ, ಭಾಷೆ ಗೊತ್ತಿಲ್ದೇ ಮೆನು ನಿಭಾಯಿಸ್ತೀನಿ ಅನ್ನೋರು ಅದನ್ನೇ ತಗೊಳ್ಳಿ.