ಪ್ರಕ್ಷುಬ್ಧ ಹರಿವಿನೊಳಗೆ ಧಾರೆ ಎಷ್ಟು ಬೆರೆಯುತ್ತದೆಂದು ಅಂದಾಜಿಸುವ ಕ್ರಮ

ನಾಜಲಿನಿಂದ ಚಿಮ್ಮುವ ನೀರಿನ ಧಾರೆ ಸುತ್ತಲಿನ ಪ್ರಕ್ಷುಬ್ಧ (ಅಡ್ಡಾದಿಡ್ಡಿ ಸುಳಿಗಳಿಂದ ಕೂಡಿದ) ನೀರಿನಲ್ಲಿ ಹೇಗೆ ಬೆರೆಯುತ್ತದೆಂದು ಲೆಕ್ಕ ಹಾಕುವವರು ಮೊದಲು ಸುತ್ತಲಿನ ನೀರು ನಿಶ್ಚಲವಾಗಿದೆಯೆಂದೇ ಭಾವಿಸಿ ಆರಂಭಿಸುವುದು ಒಳ್ಳೆಯದು. ಧಾರೆಯ ಸ್ವಂತ ಬಲ ಎಲ್ಲಿಯವರೆಗೆ ನಡೆಯುತ್ತದೆಂಬುದು ಆಗ ಸ್ಪಷ್ಟವಾಗುತ್ತದೆ.

ನಾಜಲಿನ ವ್ಯಾಸ 1 ಸೆಂ.ಮೀ., ನೀರು ಹೊರಡುವ ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಳ್ಳೋಣ. ಹರಿವಿನ ಚಲನೆಯ ಬಲವು ನೀರಿನ ಸ್ನಿಗ್ಧತೆಯ ತಡೆಗಿಂತ ಎಷ್ಟು ಪಟ್ಟು ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಸುಮಾರು 20,000 ಆಗುವುದರಿಂದ ಧಾರೆ ಪೂರ್ಣ ಪ್ರಕ್ಷುಬ್ಧವಾಗಿರುತ್ತದೆ. ಮೊದಲ ಐದಾರು ವ್ಯಾಸಗಳಷ್ಟು ದೂರ ಅದರ ನಡುಭಾಗಕ್ಕೆ ಹೊರಗಿನ ನೀರು ತಲುಪಿರುವುದಿಲ್ಲ. ಅಲ್ಲಿಂದ ಸಾಕಷ್ಟು ಮುಂದೆ ಹೋದ ಮೇಲೆ ನಡುಗೆರೆಯ ವೇಗವು ದೂರಕ್ಕೆ ವಿಲೋಮವಾಗಿ ಕುಗ್ಗುತ್ತದೆ: ಆರಂಭದ ವೇಗವನ್ನು ಸುಮಾರು 6ರಿಂದ ಗುಣಿಸಿ, ದೂರವು ಎಷ್ಟು ವ್ಯಾಸಗಳಷ್ಟಿದೆಯೋ ಆ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಅಂಚಿನ ದೊಡ್ಡ ಸುಳಿಗಳು ಹೊರಗಿನ ನೀರನ್ನು ಒಳಗೆ ಸೆಳೆದುಕೊಳ್ಳುತ್ತಲೇ ಇರುವುದರಿಂದ ಒಟ್ಟು ಹರಿವು ಮಾತ್ರ ಹೆಚ್ಚುತ್ತದೆ. 1961ರಲ್ಲಿ ಸಂಶೋಧಕರಾದ ರಿಕೂ ಮತ್ತು ಸ್ಪಾಲ್ಡಿಂಗ್ ಅಳೆದ ಪ್ರಕಾರ, ಪ್ರತಿ ವ್ಯಾಸದಷ್ಟು ದೂರಕ್ಕೆ ಸೇರುವ ನೀರು ಮೂಲ ಹರಿವಿನ 0.32 ಪಾಲು, ಅಂದರೆ ಅರ್ಧ ಮೀಟರ್ ದೂರದಲ್ಲಿ ಧಾರೆ ಮೂಲ ಹರಿವಿನ ಸುಮಾರು 16 ಪಟ್ಟು ನೀರನ್ನು ಒಯ್ಯುತ್ತಿರುತ್ತದೆ.

ಈಗ ಹೊರಗಿನ ಪ್ರಕ್ಷುಬ್ಧತೆಯನ್ನು ಲೆಕ್ಕಕ್ಕೆ ತರಬೇಕು. ಧಾರೆಯ ನಡುವಿನ ವೇಗದ ಏರಿಳಿತವು ಅಲ್ಲಿನ ಸರಾಸರಿ ವೇಗದ ಸುಮಾರು ಕಾಲು ಭಾಗದಷ್ಟಿರುತ್ತದೆ. ಹೊರಗಿನ ಏರಿಳಿತ ಸೆಕೆಂಡಿಗೆ 2 ಸೆಂ.ಮೀ. ಇದ್ದರೆ, ನಮ್ಮ ಉದಾಹರಣೆಯಲ್ಲಿ ಎರಡೂ ಸಮನಾಗುವುದು ನಾಜಲಿನಿಂದ ಸುಮಾರು 1.5 ಮೀಟರ್ ದೂರದಲ್ಲಿ. ಇಡೀ ಲೆಕ್ಕದಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವುದು ಈ ದೂರವನ್ನೇ, ಏಕೆಂದರೆ ಇದನ್ನು ಸಮೀಪಿಸಿದಂತೆಲ್ಲ ಮೇಲಿನ ಸೂತ್ರಗಳು ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ.

ಹೊರಗೆ ಪ್ರಕ್ಷುಬ್ಧತೆ ಇದ್ದರೆ ಬೆರೆಯುವಿಕೆ ಹೆಚ್ಚಲೇಬೇಕು ಎಂಬ ಸಹಜ ಊಹೆ ಇಲ್ಲಿ ದಾರಿ ತಪ್ಪಿಸಬಹುದು. ಹೊರಗಿನ ಸುಳಿಗಳು ಧಾರೆಯ ದೊಡ್ಡ ಸುಳಿಗಳ ರಚನೆಯನ್ನೇ ಒಡೆದುಹಾಕಿದಾಗ, ನೀರನ್ನು ಒಳಗೆ ಸೆಳೆಯುತ್ತಿದ್ದ ಕ್ರಿಯೆ ದುರ್ಬಲಗೊಳ್ಳುತ್ತದೆ. ಜೊತೆಗೆ ದೊಡ್ಡ ಹೊರಸುಳಿಗಳು ಇಡೀ ಧಾರೆಯನ್ನು ಅತ್ತಿತ್ತ ತೂಗಿಸುವುದರಿಂದ, ದೀರ್ಘಕಾಲದ ಸರಾಸರಿಯಲ್ಲಿ ಅದು ಅಗಲವಾಗಿ ಹರಡಿದಂತೆ ಕಾಣುತ್ತದೆ. ಆದರೆ ಆ ಅಗಲದೊಳಗೆ ಬೆರೆಯದ ನೀರಿನ ಎಳೆಗಳು ಹಾಗೆಯೇ ಉಳಿದಿರಬಹುದು.

ಆದ್ದರಿಂದ ಪ್ರಯೋಗದಲ್ಲಿ ಪರಿಶೀಲಿಸುವಾಗ ಧಾರೆಯ ನೀರಿನ ಪಾಲನ್ನು ತೋರಿಸುವ ಸರಾಸರಿ ಸಾಂದ್ರತೆಯೊಂದನ್ನೇ ನೆಚ್ಚಬಾರದು. ಧಾರೆಗೆ ರೋಡಮೀನಿನಂತಹ ಪ್ರತಿದೀಪ್ತ (ಬೆಳಕು ಬಿದ್ದಾಗ ತಾನೇ ಹೊಳೆಯುವ) ಬಣ್ಣವನ್ನು ಬಹಳ ತೆಳುವಾಗಿ ಬೆರೆಸಿ, ಲೇಸರ್ ಬೆಳಕಿನ ತೆಳುಹಾಳೆಯಲ್ಲಿ ಕ್ಷಣಕ್ಷಣದ ಚಿತ್ರಗಳನ್ನು ತೆಗೆಯಬೇಕು. ಪ್ರತಿ ಬಿಂದುವಿನಲ್ಲೂ ಸರಾಸರಿಯ ಜೊತೆಗೆ ಸಾಂದ್ರತೆಯ ಏರಿಳಿತವನ್ನೂ ದಾಖಲಿಸಬೇಕು. ಸರಾಸರಿ ತಗ್ಗಿದ್ದೂ ಏರಿಳಿತ ದೊಡ್ಡದಾಗಿಯೇ ಉಳಿದಿದ್ದರೆ, ಅಲ್ಲಿ ಧಾರೆ ತೂಗಾಡುತ್ತಿದೆಯೇ ಹೊರತು ಇನ್ನೂ ಚೆನ್ನಾಗಿ ಬೆರೆತಿಲ್ಲ.