ಹಳೆಯ ಸೈಕಲ್‌ನ ಚೈನ್ ವೀಲ್ ಅದರದ್ದೇ ಹೌದೇ?

ಉತ್ತರ ಕನ್ನಡದ ಅಡಿಕೆ ತೋಟದ ಮನೆಗಳ ಅಟ್ಟದಲ್ಲೋ ಕಾರವಾರ, ಅಂಕೋಲೆಯ ಗುಜರಿ ಅಂಗಡಿಯ ಮೂಲೆಯಲ್ಲೋ ರ‍್ಯಾಲಿ, ಹಂಬರ್, ಬಿ.ಎಸ್.ಎ. ಎಂಬ ಇಂಗ್ಲಿಷ್ ಕಂಪನಿಗಳ ಹೆಸರಿನ ಸೈಕಲ್ ಸಿಕ್ಕಿತೆನ್ನಿ, ಮಾರುವವರು ಹೇಳುವುದು ಒಂದೇ ಮಾತು: ‘ಎಲ್ಲ ಒರಿಜಿನಲ್.’ ಆದರೆ ಅರ್ಧ ಶತಮಾನ ದುಡಿದ ಗಾಡಿಯಲ್ಲಿ ಚೈನ್ ವೀಲ್ (ಪೆಡಲ್ ಬಳಿಯ ಹಲ್ಲಿನ ಬಿಲ್ಲೆ), ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಎರಡೂ ಮೊದಲಿನವೇ ಉಳಿದಿರುವುದು ಅಪರೂಪ. ಹಲ್ಲು ಸವೆಯುತ್ತದೆ, ಕ್ರ್ಯಾಂಕನ್ನು ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ಸಡಿಲಾಗುತ್ತದೆ. ಕೈಗೆ ಸಿಕ್ಕ ಭಾಗವನ್ನು ಮೆಕ್ಯಾನಿಕ್ ಹಾಕಿ ಕಳುಹಿಸಿರುತ್ತಾನೆ. ಅದು ತಪ್ಪೇನಲ್ಲ, ಒರಿಜಿನಲ್ ಬೆಲೆ ಕೇಳುವುದು ಮಾತ್ರ ತಪ್ಪು.

ಮೊದಲು ತೊಳೆಯಿರಿ, ಉಜ್ಜಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ ಸಾಕು. ಮರಳು ಕಾಗದ ಹಿಡಿದರೆ ನೋಡಬೇಕಾದ ಸಾಕ್ಷಿಯೇ ಅಳಿಸಿಹೋಗುತ್ತದೆ. ತುಸು ಹಳದಿ ಛಾಯೆಯ ಹೊಳಪಿದ್ದರೆ ನಿಕಲ್, ನೀಲಿಯತ್ತ ವಾಲುವ ತಣ್ಣನೆಯ ಹೊಳಪಿದ್ದರೆ ಕ್ರೋಮ್. ಸೈಕಲ್‌ಗಳಿಗೆ ಕ್ರೋಮ್ ಲೇಪನ ವ್ಯಾಪಕವಾದದ್ದು 1930ರ ಆಸುಪಾಸಿನಲ್ಲಿ. ಇಪ್ಪತ್ತರ ದಶಕದ್ದು ಎಂದು ಹೇಳಿ ಮಾರುವ ಸೈಕಲ್‌ನ ಚೈನ್ ವೀಲ್ ಕ್ರೋಮ್‌ನದಾಗಿದ್ದರೆ ಒಂದೋ ಅದು ಬದಲಾಗಿದೆ, ಇಲ್ಲವೇ ಮರುಲೇಪನ ಕಂಡಿದೆ. ಎರಡನೇ ಮಹಾಯುದ್ಧದ ಕಾಲದ ಇಂಗ್ಲಿಷ್ ಸೈಕಲ್‌ಗಳಲ್ಲಿ ಹೊಳಪಿನ ಜಾಗಕ್ಕೆ ಕಪ್ಪು ಬಣ್ಣ ಬಂದಿತ್ತು ಎಂಬುದೂ ನೆನಪಿರಲಿ.

ಆಮೇಲೆ ಫ್ರೇಮಿನ ಗುರುತು. ಮುಂದಿನ ಬ್ಯಾಡ್ಜ್, ಫ್ರೇಮ್ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಿಂದಿನ ಹಬ್ (ಚಕ್ರದ ನಡುಭಾಗ) ಇದ್ದರೆ ಅದೃಷ್ಟ; ಹೆಚ್ಚಿನವುಗಳ ಮೈಮೇಲೆ ತಯಾರಾದ ವರ್ಷದ ಕೊನೆಯ ಎರಡಂಕಿ ಒತ್ತಿರುತ್ತದೆ. ಆದರೆ ಚಕ್ರವೂ ಬದಲಾಗಿರಬಹುದು. ಹಾಗಾಗಿ ಹಬ್ಬಿನ ವರ್ಷ ಸುಳಿವು ಮಾತ್ರ, ತೀರ್ಪಲ್ಲ.

ಇನ್ನು ಚೈನ್ ವೀಲ್‌ನ ಚಿತ್ರ. ರ‍್ಯಾಲಿಯದರಲ್ಲಿ ಕೊಕ್ಕರೆಯ ತಲೆಗಳು, ಹಂಬರ್‌ನಲ್ಲಿ ಸುತ್ತಲೂ ಮನುಷ್ಯಾಕೃತಿಗಳು, ರಡ್ಜ್‌ನಲ್ಲಿ ಅಂಗೈ, ಬಿ.ಎಸ್.ಎ.ಯಲ್ಲಿ ಕೊರೆದ ಅಕ್ಷರಗಳು. ಬಂದೂಕು ತಯಾರಕರ ಆ ಕಂಪನಿಯ ಲಾಂಛನವೇ ಒಟ್ಟಿಗೆ ನಿಲ್ಲಿಸಿದ ಮೂರು ಬಂದೂಕು. ಇಲ್ಲಿಗೇ ನಿಂತು ‘ಕೊಕ್ಕರೆ ಇದೆ, ಅಸಲಿ’ ಎನ್ನುವವರೇ ಹೆಚ್ಚು. ಚಿತ್ರ ಹೇಳುವುದು ಆ ಬಿಲ್ಲೆ ಯಾರದ್ದು ಎಂಬುದನ್ನು ಮಾತ್ರ. ಅದು ಈ ಫ್ರೇಮಿನ ಜೊತೆಗೇ ಬಂದಿತೇ ಎಂಬುದನ್ನಲ್ಲ. ರ‍್ಯಾಲಿಯು 1932ರಲ್ಲಿ ಹಂಬರ್ ಅನ್ನೂ 1943ರಲ್ಲಿ ರಡ್ಜ್ ಅನ್ನೂ 1957ರಲ್ಲಿ ಬಿ.ಎಸ್.ಎ. ಸೈಕಲ್ ವಿಭಾಗವನ್ನೂ ತನ್ನದಾಗಿಸಿಕೊಂಡಿತು. ನಂತರದ ವರ್ಷಗಳ ಮಾದರಿಗಳಲ್ಲಿ ಹೊರಗೆ ಒಂದು ಹೆಸರು, ಒಳಗೆ ರ‍್ಯಾಲಿಯ ಭಾಗಗಳು ಇರುವುದು ಸಹಜ. ಆಸನ್ಸೋಲ್‌ನ ಸೆನ್-ರ‍್ಯಾಲಿ, ಅಂಬತ್ತೂರಿನ ಟಿ.ಐ. ಸೈಕಲ್ಸ್ ನಮ್ಮಲ್ಲೇ ತಯಾರಿಸಿದ ಸೈಕಲ್‌ಗಳನ್ನು ಇಂಗ್ಲೆಂಡಿನವು ಎಂದು ಮಾರುವವರೂ ಉಂಟು.

ಈಗ ಅಳತೆ. ಚೈನಿನ ಕೊಂಡಿಯ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹೊಸ ಚೈನಿನ ತುಂಡೊಂದನ್ನು ಹಲ್ಲಿನ ಮೇಲೆ ಸುತ್ತಿ ನೋಡಿ. ಎಲ್ಲ ಕಡೆ ಕೂರಬೇಕು, ಎಲ್ಲಿಯೂ ಎದ್ದು ನಿಲ್ಲಬಾರದು. ಹಲ್ಲಿನ ದಪ್ಪವನ್ನೂ ನೋಡಿ. ಸಾದಾ ಸೈಕಲ್ಲಿನ ಚೈನಿನ ಒಳ ಅಗಲ 1/8 ಇಂಚು, ಡಿರೇಲರ್ (ಚೈನನ್ನು ಒಂದು ಹಲ್ಲಿನ ಬಿಲ್ಲೆಯಿಂದ ಇನ್ನೊಂದಕ್ಕೆ ಸರಿಸುವ) ಗೇರಿನದು 3/32. ಅಗಲದ ಚೈನು ತೆಳು ಹಲ್ಲಿನ ಮೇಲೆ ಸಡಿಲವಾಗಿಯಾದರೂ ಓಡೀತು. ತೆಳು ಚೈನು ದಪ್ಪ ಹಲ್ಲಿನ ಮೇಲೆ ಇಳಿಯುವುದೇ ಇಲ್ಲ. ಮುಂದಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದು ಹಿಂದಿನ ಚಕ್ರದ ಹಲ್ಲಿನ ಬಿಲ್ಲೆ (ಫ್ರೀವೀಲ್) ಸವೆಯದೆ ಹೊಸದಾಗಿದ್ದರೆ ಅವೆರಡರ ವಯಸ್ಸು ಬೇರೆ ಎಂದೇ ಅರ್ಥ.

ಹಲ್ಲಿನ ಎಣಿಕೆಯಲ್ಲಿ ಅವಸರದ ತೀರ್ಮಾನ ಬೇಡ. 28 ಇಂಚಿನ ಚಕ್ರ, ಮುಂದೆ 48, ಹಿಂದೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 5.96 ಮೀಟರ್ ಸಾಗುತ್ತದೆ. ಮುಂದೆ 44 ಹಾಕಿದರೆ 5.46 ಮೀಟರ್. ಕಾರವಾರದ ಕಡಲಂಚಿನ ಸಮತಟ್ಟು ರಸ್ತೆಗೆ ಮೊದಲಿನದು ಹಿತ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವವನಿಗೆ ಆ ಅರ್ಧ ಮೀಟರ್ ಬಿಟ್ಟುಕೊಟ್ಟರೇ ಲಾಭ. ಘಟ್ಟದ ಮೇಲಿನ ಸೈಕಲ್‌ನಲ್ಲಿ ಚಿಕ್ಕ ಚೈನ್ ವೀಲ್ ಕಂಡರೆ ಹಳೆಯ ಮಾಲೀಕನ ಬುದ್ಧಿವಂತಿಕೆ ಇರಬಹುದು ಎಂದು ನಾನು ಅದನ್ನು ದೋಷದ ಪಟ್ಟಿಗೆ ಸೇರಿಸುವುದಿಲ್ಲ.

ಹೆಚ್ಚು ಮೋಸ ಹೋಗುವುದು ಕ್ರ್ಯಾಂಕ್‌ನಲ್ಲಿ. ಬಲಗಡೆಯದಕ್ಕೆ ಚೈನ್ ವೀಲ್ ಅಂಟಿಕೊಂಡಿರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ, ಬದಲಾಗಿರುವುದು ಎಡಗಡೆಯದು. ಆಕ್ಸಲ್ ತೂತಿನ ನಡುವಿನಿಂದ ಪೆಡಲ್ ತೂತಿನ ನಡುವಿಗೆ ಎರಡನ್ನೂ ಅಳೆಯಿರಿ. ಆರೂವರೆ ಇಂಚು (165 ಮಿ.ಮೀ.), ಏಳು ಇಂಚು (178 ಮಿ.ಮೀ.) ಎರಡೂ ಬಳಕೆಯಲ್ಲಿದ್ದವು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇದ್ದರೆ ಸವಾರನ ಮೊಣಕಾಲಿಗೆ ಮೊದಲು ತಿಳಿಯುತ್ತದೆ. ಹಿಂಬದಿಯ ಮುದ್ರೆ, ಅಂಚಿನ ಆಕಾರ, ಲೇಪನದ ಬಣ್ಣ ಎರಡರಲ್ಲೂ ಒಂದೇ ಇರಬೇಕು.

ಎರಡು ಕ್ರ್ಯಾಂಕ್‌ಗಳು ಒಂದೇ ಗೆರೆಯಲ್ಲಿ ನಿಲ್ಲದಿದ್ದರೆ ತಕ್ಷಣ ಕ್ರ್ಯಾಂಕ್ ಮೇಲೆ ಸಂಶಯ ಬೇಡ. ಮೊದಲು ಕಾಟರ್ ಪಿನ್ ನೋಡಿ. ಕ್ರ್ಯಾಂಕ್ ಅಡ್ಡ ನಿಂತಾಗ ಒಂದರ ನಟ್ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಮುಖ ಮಾಡಿರಬೇಕು. ಎರಡೂ ಒಂದೇ ಕಡೆಗಿದ್ದರೆ ಒಂದನ್ನು ತೆಗೆದು ತಿರುಗಿಸಿ ಹೊಡೆದರೆ ಸರಿಹೋಗುತ್ತದೆ. ಇಂಗ್ಲಿಷ್ ಮಾದರಿಯ ಪಿನ್ 9.5 ಮಿ.ಮೀ. ದಪ್ಪ; 9 ಮಿ.ಮೀ. ಪಿನ್ನುಗಳೂ ಇವೆ. ಸಣ್ಣ ಪಿನ್ನಿಗೆ ತಗಡು ಸುತ್ತಿ ಹೊಡೆದದ್ದು ಕಂಡರೆ ತೂತು ಮೊಟ್ಟೆಯಾಕಾರ ತಾಳಿದೆಯೇ ಎಂದು ಪರೀಕ್ಷಿಸಿ. ಹಾಗಾಗಿದ್ದರೆ ಆ ಕ್ರ್ಯಾಂಕ್ ಬೇಡವೇ ಬೇಡ.

ಕೊನೆಗೆ ಕ್ರ್ಯಾಂಕ್‌ನ ಆಕ್ಸಲ್ ಕೂರುವ ಕಪ್ಪಿನ ಮರೆ, ಅಂದರೆ ತಿರುಪಿನ ಸುತ್ತು. ರ‍್ಯಾಲಿಯ ಫ್ರೇಮಿಗೆ ಇಂಚಿಗೆ 26 ಸುತ್ತು, ಉಳಿದ ಬಹುತೇಕ ಇಂಗ್ಲಿಷ್ ಫ್ರೇಮುಗಳಿಗೆ 24. ವ್ಯಾಸ ಒಂದೇ ಆದ್ದರಿಂದ ತಪ್ಪು ಕಪ್ ಮೊದಲ ಒಂದೆರಡು ಸುತ್ತು ಒಳಹೋಗಿ ಬಿಗಿಯಾಗುತ್ತದೆ. ಉದ್ದನೆಯ ಪಾನಾ ಹಾಕಿ ತಿರುಗಿಸಿದರೆ ಫ್ರೇಮಿನ ಮರೆಯೇ ಹರಿದುಹೋಗುತ್ತದೆ. ಚೈನ್ ವೀಲ್ ಬೇರೆಯದು ಸಿಕ್ಕೀತು, ಹರಿದ ಮರೆಯ ಫ್ರೇಮು ಸರಿಮಾಡುವವರು ಸಿಗುವುದು ಕಷ್ಟ. ಅಂಥದ್ದನ್ನು ಕಡಿಮೆ ಬೆಲೆಗೂ ತೆಗೆದುಕೊಳ್ಳಬೇಡಿ.

ಬಿಚ್ಚಿದ ಹಳೆಯ ಭಾಗಕ್ಕೆ ಫ್ರೇಮ್ ಸಂಖ್ಯೆಯ ಚೀಟಿ ಕಟ್ಟಿ, ಗ್ರೀಸ್ ಬಳಿದು, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಳೆಗಾಲಕ್ಕೆ ಮೊದಲೇ ಒಣ ಜಾಗಕ್ಕೆ ಸೇರಿಸಿ. ನಿಮ್ಮ ಸೈಕಲ್‌ಗೆ ಹೊಂದದ ಕೊಕ್ಕರೆಯ ಬಿಲ್ಲೆಯನ್ನು ಹುಡುಕುತ್ತಿರುವವನು ಹೊನ್ನಾವರದಲ್ಲೋ ಯಲ್ಲಾಪುರದಲ್ಲೋ ಇದ್ದಾನು. ಅದಲುಬದಲಿಗೆ ಅದೇ ಬಂಡವಾಳ.